ಶ್ರೀ ಹರ್ಡೇಕರ ಮಂಜಪ್ಪನವರು ಮತ್ತು ವ್ಯಸನಪರಿಹಾರದ ಮಾರ್ಗ

ವರದಾನದಿಯ ತೀರದಲ್ಲಿ ಕದಂಬರ ರಾಜಧಾನಿಯಾಗಿ ಮೆರೆದ ಬನವಾಸಿಯು ಶಿರಸಿ ತಾಲೂಕಿಗೆ ಸೇರಿದ ಪುರಾತನ ಕ್ಷೇತ್ರವು. ಮಧುಕೇಶ್ವರನ ಸನ್ನಿಧಾನದಿಂದ ಪಾವನವಾದ ಈ ಊರಿನಲ್ಲಿ 1886ನೆಯ ಇಸವಿಯ ಫೆಬ್ರವರಿ 18ರಂದು ಹರ್ಡೇಕರ ಮಂಜಪ್ಪನವರು ಜನಿಸಿದರು. ನಾಡು ಇವರನ್ನು ಕರ್ನಾಟಕದ ಗಾಂಧಿಯೆಂದು ಕರೆದಿತು. ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಮಾಡಿದ ಪುಣ್ಯವು ಇವರಿಗೆ ಸಲ್ಲುವದೆಂಬದನ್ನು ಶರಣಬಂಧುಗಳೆಲ್ಲರೂ ಬಲ್ಲರು. ಆದರೆ ಸಣ್ಣ ಊರುಗಳನ್ನು ಕುಡಿತವೂ ಇತರ ದುರ್ವ್ಯಸನಗಳೂ ಹೇಗೆ ಒಳಗಿನಿಂದ ತಿಂದುಹಾಕುವವು, ಹಾಗೆ ಕೆಟ್ಟ ಊರು ಮರಳಿ ನೆಟ್ಟಗಾಗುವ ಬಗೆ ಯಾವದು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇವರ ಜೀವಿತವನ್ನು ನೋಡಿದವರು ವಿರಳ. ಹಾಗೆ ನೋಡಿದರೆ ಅದರಲ್ಲಿ ಇಂದಿಗೂ ಬಳಕೆಗೆ ಬರುವ ಒಂದು ಮಾರ್ಗವು ತೋರುವದು.

ಮಂಜಪ್ಪನವರು ಹುಟ್ಟಿ ಬೆಳೆದ ಸೀಮೆಯ ಬಾಳುವೆಯನ್ನು ಮೊದಲು ಅರಿಯಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಅಡಕೆಯ ತೋಟ, ಭತ್ತದ ಗದ್ದೆ, ದಟ್ಟ ಕಾಡುಗಳಿಂದ ತುಂಬಿದ ನಾಡು. ಹೆಗಡೆಕಟ್ಟಾದಂತಹ ತೋಟದ ಊರುಗಳ ಕಡೆಯಲ್ಲಿ ಮನೆಗಳು ಬಯಲುಸೀಮೆಯ ಹಳ್ಳಿಗಳಂತೆ ಒಂದೇ ಓಣಿಯಲ್ಲಿ ಕೂಡಿರದೆ, ತೋಟದಂಚಿನಲ್ಲಿ ಒಂದೊಂದಾಗಿ ಚದುರಿರುವವು. ಮಳೆಗಾಲವು ದೀರ್ಘವಾದುದು, ಕತ್ತಲೆಯು ಬೇಗ ಇಳಿಯುವದು. ಕೊನೆ ಕೊಯ್ಲಿನ ಕಾಲಕ್ಕೆ ಮರವೇರುವವನಿಗೂ ಅಡಕೆ ಸುಲಿಯುವವರಿಗೂ ಒಮ್ಮೆಲೇ ಕೈತುಂಬ ದುಡ್ಡು ದೊರೆಯುವದು. ಉಳಿದ ತಿಂಗಳುಗಳಲ್ಲಿ ಕೈ ಬರಿದಾಗುವದು. ಕಾಡಿನಲ್ಲಿ ಬಗನಿಯ ಮರಕ್ಕೆ ಬರವಿಲ್ಲ, ಅದರ ಹೆಂಡಕ್ಕೂ ಬರವಿಲ್ಲ. ದೇಹ ದಣಿದು, ದುಡ್ಡು ಸೊಂಟದಲ್ಲಿದ್ದು, ಹೋಗಲು ಬೇರೆ ಠಾವಿಲ್ಲದ ಮನುಷ್ಯನಿಗೆ ಹೆಂಡದಂಗಡಿಯೊಂದೇ ಕೂಟದ ಸ್ಥಳವಾಗುವದು. ಅಲ್ಲಿ ಬೆಳಕುಂಟು, ಮಾತುಂಟು, ಹೆಸರು ಹಿಡಿದು ಕರೆಯುವವರುಂಟು. ಕುಡಿತದ ಬೇರು ನಾಲಗೆಯ ಚಪಲದಲ್ಲಿ ಎಷ್ಟಿರುವದೋ ಒಂಟಿತನದಲ್ಲಿಯೂ ಅಷ್ಟೇ ಇರುವದು.

ಇದರ ಮೇಲೆ ಸರಕಾರದ ಲೋಭವೊಂದು. 1878ರ ಮುಂಬಯಿ ಅಬಕಾರಿ ಕಾಯಿದೆಯಿಂದ ಹೆಂಡ ಸಾರಾಯಿಗಳ ಉತ್ಪನ್ನವೂ ಮಾರಾಟವೂ ಸರಕಾರದ ಹಿಡಿತಕ್ಕೆ ಬಂದವು. ಅಂಗಡಿಯ ಪರವಾನಿಗೆ, ಮರದ ಮೇಲಣ ತೆರಿಗೆಗಳು ಬೊಕ್ಕಸವನ್ನು ತುಂಬಿದವು. 1919ರ ಸುಧಾರಣೆಗಳ ತರುವಾಯ ಪ್ರಾಂತ ಸರಕಾರಗಳು ಶಾಲೆಗಳ ವೆಚ್ಚಕ್ಕೂ ಅಬಕಾರಿಯ ಆದಾಯವನ್ನೇ ಬಲವಾಗಿ ನೆಚ್ಚಿಕೊಂಡವು. ಮಗನಿಗೆ ಅಕ್ಷರ ಕಲಿಸುವ ಹಣಕ್ಕೆ ತಂದೆಯು ಕುಡಿಯುವದೇ ಆಧಾರವಾಯಿತೆಂದರೆ ಇದಕ್ಕಿಂತ ದೊಡ್ಡ ವಿಪರ್ಯಾಸ ಯಾವದು? ಈ ಗಂಟನ್ನು ಬಿಚ್ಚುವದು ಎಷ್ಟು ಕಠಿಣವೆಂಬದು ಮುಂದಿನ ಚರಿತ್ರೆಯಿಂದ ತಿಳಿಯುವದು.

ಮಂಜಪ್ಪನವರು 1903ರಲ್ಲಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಶಿಕ್ಷಕರಾದರು. ತಿಂಗಳಿಗೆ 7 ರೂಪಾಯಿ ಸಂಬಳ. ಬಡತನದ ಮನೆಗೆ ಅದು ಸಣ್ಣ ಆಸರೆಯಾಗಿರಲಿಲ್ಲ. ಆದರೆ 1905ರ ಬಂಗಾಲದ ವಿಭಜನೆಯಿಂದ ದೇಶದಲ್ಲೆಲ್ಲ ಸ್ವದೇಶಿಯ ಅಲೆಯೆದ್ದಾಗ ಆ ತರುಣ ಶಿಕ್ಷಕರ ಮನಸ್ಸು ಸರಕಾರಿ ನೌಕರಿಯಲ್ಲಿ ನಿಲ್ಲದಾಯಿತು. ಅದನ್ನು ತ್ಯಜಿಸಿ, ಘಟ್ಟದ ಸೀಮೆಯನ್ನು ಬಿಟ್ಟು, ಮೈಸೂರು ಸಂಸ್ಥಾನದ ವ್ಯಾಪಾರಸ್ಥಳವಾದ ದಾವಣಗೆರೆಗೆ ಬಂದು, 1906ರಲ್ಲಿ ಧನುರ್ಧಾರಿ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಆಗ ಅವರ ವಯಸ್ಸು ಇಪ್ಪತ್ತು.

ಪತ್ರಿಕೆಯಿಂದ ಜನರ ಬುದ್ಧಿಯನ್ನು ಎಚ್ಚರಿಸಬಹುದು. ಆದರೆ ಓದಲು ಬಾರದವನ ಸಾಯಂಕಾಲವನ್ನು ಪತ್ರಿಕೆಯು ತುಂಬಲಾರದು. ಈ ಕೊರತೆಯನ್ನು ನೀಗಿಸುವ ಯೋಗವು ದಾವಣಗೆರೆಯ ವಿರಕ್ತಮಠದಲ್ಲಿ ಕೂಡಿಬಂದಿತು. ಅಲ್ಲಿಯ ಶ್ರೀ ಮೃತ್ಯುಂಜಯ ಸ್ವಾಮಿಗಳವರಿಗೂ ಮಂಜಪ್ಪನವರಿಗೂ ಬೆಳೆದ ಸ್ನೇಹವು ಗುರುವಿನ ಅನುಗ್ರಹವೂ ಕಾರ್ಯಕರ್ತನ ಶ್ರದ್ಧೆಯೂ ಒಂದಾದಂತಹುದು. ಮಠದಲ್ಲಿ ಭಜನಾಸಂಘವು ನಡೆಯತೊಡಗಿತು. ದಿನದ ದುಡಿಮೆಯನ್ನು ಮುಗಿಸಿದ ಜನರು ಕೂಡಿ ಕುಳಿತು ಶರಣರ ವಚನಗಳನ್ನು ಹಾಡುವದು, ಕೇಳುವದು, ಅರ್ಥ ತಿಳಿಯುವದು ವಾಡಿಕೆಯಾಯಿತು. ಬಳಿಕ 1913ರಲ್ಲಿ ಇವರೀರ್ವರ ಪ್ರಯತ್ನದಿಂದ ದಾವಣಗೆರೆಯಲ್ಲಿ ಬಸವ ಜಯಂತಿಯು ಸಾರ್ವಜನಿಕವಾಗಿ ಆಚರಿಸಲ್ಪಟ್ಟಿತು. ಅಲ್ಲಿಂದ ಅದು ಊರಿಂದೂರಿಗೆ ಹಬ್ಬಿ ಇಂದು ಕನ್ನಡ ನಾಡಿನ ಹಬ್ಬವಾಗಿ ನಿಂತಿದೆ.

ಭಜನೆಯಿಂದ ಕುಡಿತ ಬಿಡುವದುಂಟೇ ಎಂದು ಸಂಶಯಪಡುವವರು ಒಂದು ಮಾತನ್ನು ವಿಚಾರಿಸಬೇಕು. ಹೆಂಡದಂಗಡಿಯು ಕುಡುಕನಿಗೆ ಕೊಡುವದು ಬರಿಯ ಹೆಂಡವನ್ನಲ್ಲ. ಜೊತೆಗಾರರನ್ನೂ, ಹೊತ್ತು ಹೋಗುವ ಉಪಾಯವನ್ನೂ ಕೊಡುವದು. ಅವೆರಡನ್ನೂ ಬೇರೊಂದು ಕಡೆ ಒದಗಿಸದೆ ಅಂಗಡಿಯನ್ನು ಮುಚ್ಚಿದರೆ ಅವನು ಮತ್ತೊಂದು ಅಂಗಡಿಯನ್ನು ಹುಡುಕುವನು. ಸಂಜೆಯ ಆ ಒಂದೆರಡು ತಾಸುಗಳನ್ನು ಮಠದ ಅಂಗಳವು ತನ್ನದಾಗಿಸಿಕೊಂಡಿತೆಂದರೆ ಅಂಗಡಿಯ ಅರ್ಧ ಬಲವು ಅಲ್ಲಿಯೇ ಉಡುಗುವದು. ಹನ್ನೆರಡನೆಯ ಶತಮಾನದ ಶರಣರಿಗೂ ಇದು ತಿಳಿದಿದ್ದಿತು. ಹೆಂಡದ ಮಾರಯ್ಯನೆಂಬ ಶರಣನು ಹೆಂಡ ಮಾರುವ ವೃತ್ತಿಯವನಾಗಿಯೇ ಕುಡಿಯಲು ಬಂದವರಿಗೆ ಅದರ ಕೇಡನ್ನು ತಿಳಿಹೇಳಿ ಶಿವಪಥಕ್ಕೆ ಹಚ್ಚುತ್ತಿದ್ದನೆಂದು ಸಂಪ್ರದಾಯವು ಹೇಳುವದು. ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಅವನ ವಚನಗಳು ಉಳಿದಿವೆ. ಕುಡುಕರು ಇರುವ ಕಡೆಗೆ ಹೋಗಿ ಮಾತನಾಡಿಸಿದವನು ಅವನು; ದೂರದಲ್ಲಿ ನಿಂತು ಶಪಿಸಿದವನಲ್ಲ. ಅನುಭವಮಂಟಪದಲ್ಲಿ ಅಂತಹವನಿಗೂ ಒಂದು ಗದ್ದುಗೆಯಿದ್ದಿತೆಂಬದನ್ನು ಮರೆಯಲಾಗದು.

ಮಂಜಪ್ಪನವರು ಪರರಿಗೆ ಹೇಳುವ ಮೊದಲು ತಮ್ಮನ್ನು ಕಟ್ಟಿಕೊಂಡರು. ತಾರುಣ್ಯದಲ್ಲಿಯೇ ಬ್ರಹ್ಮಚರ್ಯದ ವ್ರತವನ್ನು ಸ್ವೀಕರಿಸಿ ಕಡೆಯವರೆಗೆ ಪಾಲಿಸಿದರು. ಗಾಂಧೀಜಿಯವರ ಜೀವನವು ಅವರ ಮುಂದೆ ಬಂದಾಗ ತಾವು ಶರಣರಲ್ಲಿ ಕಂಡುದನ್ನೇ ಇನ್ನೊಂದು ರೂಪದಲ್ಲಿ ಕಂಡಂತಾಯಿತು. ಕಾಯಕವೂ ಚರಕವೂ, ದಾಸೋಹವೂ ಸೇವೆಯೂ, ನೇಮವೂ ವ್ರತವೂ ಅವರಿಗೆ ಬೇರೆಬೇರೆಯಾಗಿ ತೋರಲಿಲ್ಲ. ಖಾದಿಯನ್ನು ಉಟ್ಟು, ಖಾದಿಯ ಪ್ರಚಾರಕ್ಕಾಗಿ ಪತ್ರಿಕೆಯನ್ನು ನಡೆಯಿಸಿ, ಹರಿಹರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಸತ್ಯಾಗ್ರಹಾಶ್ರಮವನ್ನು ಸ್ಥಾಪಿಸಿದರು. ಅಂತಹ ಆಶ್ರಮವೆಂದ ಮೇಲೆ ಮಾದಕ ಪದಾರ್ಥಗಳಿಗೆ ಅಲ್ಲಿ ಎಡೆಯಿಲ್ಲವೆಂದು ಹೇಳಲೇಬೇಕಾಗಿಲ್ಲ.

ಅದೇ ಕಾಲದಲ್ಲಿ ನಾಡಿನಲ್ಲಿ ಮದ್ಯದ ಅಂಗಡಿಗಳ ಮುಂದೆ ದೊಡ್ಡ ಹೋರಾಟವು ನಡೆದಿದ್ದಿತು. 1921ರ ಜುಲೈ 1ರಂದು ಧಾರವಾಡದಲ್ಲಿ ಮದ್ಯದಂಗಡಿಯ ಮುಂದೆ ಪಿಕೆಟಿಂಗು ನಡೆದ ಸಂದರ್ಭದಲ್ಲಿ ಪೋಲೀಸರು ಗುಂಡು ಹಾರಿಸಿ ಮೂವರು ಪ್ರಾಣವನ್ನು ನೀಗಿದರು. ಜಕಣಿಬಾವಿಯ ಬಳಿಯ ಸ್ಮಾರಕವು ಆ ದಿನವನ್ನು ಈಗಲೂ ನೆನಪಿಸುವದು. ಮುಂದೆ 1930ರ ಕಾಯಿದೆಭಂಗದ ಚಳವಳಿಯಲ್ಲಿ ಉತ್ತರ ಕನ್ನಡದ ಜನರು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವನ್ನು ಹೂಡಿದರು. ಕರ್ನಾಟಕದ ಹಲವು ಕಡೆಗಳಲ್ಲಿ ಹೆಂಡದ ಮರಗಳನ್ನು ಕಡಿದು ಜನರು ಸೆರೆಮನೆಗೆ ಹೋದರು. ಆ ತ್ಯಾಗವು ಸಾಮಾನ್ಯವಾದುದಲ್ಲ. ಆದರೂ ಕಡಿದ ಮರದ ಬದಿಯಲ್ಲಿ ಇನ್ನೊಂದು ಮರವಿರುವದು. ಮರ ಕಡಿದವನು ಸೆರೆಮನೆಯಿಂದ ಮರಳುವಷ್ಟರಲ್ಲಿ ಊರಿನ ಕುಡುಕನಿಗೆ ಬೇರೆ ದಾರಿಯನ್ನು ತೋರಿಸಿರುವವರಾರು? ಗಾಂಧೀಜಿಯವರು 1941ರಲ್ಲಿ ಪ್ರಕಟಿಸಿದ ರಚನಾತ್ಮಕ ಕಾರ್ಯಕ್ರಮದಲ್ಲಿ ಮದ್ಯನಿಷೇಧವನ್ನು ಖಾದಿ, ಗ್ರಾಮೋದ್ಯೋಗ, ಅಸ್ಪೃಶ್ಯತಾ ನಿವಾರಣೆಗಳ ಸಾಲಿನಲ್ಲಿ ಇರಿಸಿದುದಕ್ಕೆ ಕಾರಣವಿದ್ದಿತು. ನಿಷೇಧವು ಒಂದು ಕೈಯಾದರೆ ರಚನೆಯು ಇನ್ನೊಂದು ಕೈ. ಮಂಜಪ್ಪನವರ ಹೆಸರು ನೆಲೆನಿಂತಿರುವದು ಈ ಎರಡನೆಯ ಕೈಯ ಕೆಲಸದಲ್ಲಿ.

1927ರಲ್ಲಿ ಅವರು ವಿಜಾಪುರ ಜಿಲ್ಲೆಯ ಆಲಮಟ್ಟಿಗೆ ಬಂದು ಕೃಷ್ಣಾತೀರದಲ್ಲಿ ವಿದ್ಯಾಲಯವನ್ನೂ ಆಶ್ರಮವನ್ನೂ ನೆಲೆಗೊಳಿಸಿದರು. ಬಿಸಿಲಿನ ನಾಡು, ಬರದ ನಾಡು. ಇಂದು ದೊಡ್ಡ ಅಣೆಕಟ್ಟಿನಿಂದ ಪ್ರಸಿದ್ಧವಾಗಿರುವ ಆ ಸ್ಥಳವು ಅಂದು ಒಂದು ಚಿಕ್ಕ ಹಳ್ಳಿ. ಅಲ್ಲಿ ಓದು, ನೂಲು, ಪ್ರಾರ್ಥನೆ, ಗ್ರಂಥಪ್ರಕಟನೆಗಳು ಒಂದೇ ಸೂರಿನಡಿಯಲ್ಲಿ ನಡೆದವು. ಬಸವಾದಿ ಶರಣರ ತತ್ತ್ವವನ್ನೂ ಗಾಂಧೀಜಿಯವರ ಜೀವನವನ್ನೂ ತಿಳಿಗನ್ನಡದಲ್ಲಿ ಬರೆದು, ಸಣ್ಣ ಬೆಲೆಯ ಪುಸ್ತಕಗಳಾಗಿ ಹಳ್ಳಿಗರ ಕೈಗೆ ಮುಟ್ಟಿಸಿದರು. ಶರಣ ಸಂದೇಶವೆಂಬ ಪತ್ರಿಕೆಯೂ ಅವರಿಂದ ನಡೆದಿತು. ತಮಗೆಂದು ಏನನ್ನೂ ಕೂಡಿಡದೆ, ಸ್ವಾತಂತ್ರ್ಯವು ಬರಲು ಇನ್ನು ಕೆಲವೇ ತಿಂಗಳುಗಳಿರುವಾಗ, 1947ರ ಜನವರಿ 3ರಂದು ಲಿಂಗೈಕ್ಯರಾದರು.

ಅವರ ಅನಂತರದ ಚರಿತ್ರೆಯು ಅವರ ಮಾರ್ಗಕ್ಕೆ ಸಾಕ್ಷಿಯಾಗಿದೆ. 1949ರ ಮುಂಬಯಿ ಮದ್ಯನಿಷೇಧ ಕಾಯಿದೆಯು ಅಂದು ಮುಂಬಯಿ ರಾಜ್ಯದಲ್ಲಿದ್ದ ಉತ್ತರ ಕನ್ನಡಕ್ಕೂ ಅನ್ವಯಿಸಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 47ನೆಯ ಅನುಚ್ಛೇದವು ಮಾದಕ ಪಾನೀಯಗಳನ್ನು ನಿಷೇಧಿಸಲು ಯತ್ನಿಸುವದು ರಾಜ್ಯದ ಕರ್ತವ್ಯವೆಂದು ಸಾರಿತು. 1956ರಲ್ಲಿ ಕನ್ನಡ ನಾಡು ಒಂದಾಯಿತು. ಮುಂದಿನ ದಶಕದ ಉತ್ತರಾರ್ಧದಲ್ಲಿ ನಿಷೇಧವು ಸಡಿಲಿ ಅಂಗಡಿಗಳು ಮತ್ತೆ ತೆರೆದವು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾಯಿತು. ಬಡವನ ಕೈಗೆ ಅದರ ಬದಲು ಬೇರೆ ಮದ್ಯವು ಬಂದಿತು. 1985ರ ಕಾಯಿದೆಯು ಗಾಂಜಾ, ಅಫೀಮುಗಳಿಗೆ ಕಠಿಣ ಶಿಕ್ಷೆಯನ್ನು ವಿಧಿಸಿದೆ. 2013ರಲ್ಲಿ ಗುಟಕಾ ಮಾರಾಟವು ರಾಜ್ಯದಲ್ಲಿ ನಿಷೇಧಿಸಲ್ಪಟ್ಟಿತು. ಕವಳವನ್ನು ಜಗಿಯುವ ಸೀಮೆಗೆ ಇನ್ನೊಂದು ಎಚ್ಚರವುಂಟು: ತಂಬಾಕಿಲ್ಲದ ಅಡಕೆಯೂ ಬಾಯಿಯ ಅರ್ಬುದರೋಗಕ್ಕೆ ಕಾರಣವಾಗುವದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕ ಮಂಡಳಿಯು 2004ರಲ್ಲಿ ನಿರ್ಣಯಿಸಿತು. ಕಾಯಿದೆಯು ಬೇಕಾದುದೇ. ಆದರೆ ಅದು ಸರಕಾರದೊಡನೆ ಬರುವದು, ಸರಕಾರದೊಡನೆ ಹೋಗುವದು. ಊರಿನ ಜನರು ತಾವೇ ಕಟ್ಟಿಕೊಂಡ ನೇಮವು ಹಾಗೆ ಹೋಗುವದಿಲ್ಲ.

ಮಂಜಪ್ಪನವರ ಆಲಮಟ್ಟಿಯಿಂದ ದಕ್ಷಿಣಕ್ಕಿರುವ ಇಳಕಲ್ಲಿನಲ್ಲಿ ಈ ಮಾತು ಮತ್ತೊಮ್ಮೆ ಸತ್ಯವಾಯಿತು. ಚಿತ್ತರಗಿಯ ವಿಜಯಮಹಾಂತೇಶ ಮಠದ ಶ್ರೀ ಮಹಾಂತ ಶಿವಯೋಗಿಗಳು 1975ರಲ್ಲಿ ಹೆಗಲಿಗೆ ಜೋಳಿಗೆಯನ್ನು ಹಾಕಿಕೊಂಡು ಮನೆಮನೆಗೆ ಹೊರಟರು. ಅವರು ಬೇಡಿದುದು ಧಾನ್ಯವನ್ನಲ್ಲ, ಹಣವನ್ನಲ್ಲ, ಭಕ್ತರ ದುಶ್ಚಟಗಳನ್ನು. ಆ ಮಹಾಂತ ಜೋಳಿಗೆಯಲ್ಲಿ ಅಸಂಖ್ಯ ಜನರು ತಮ್ಮ ಕುಡಿತವನ್ನೂ ತಂಬಾಕನ್ನೂ ಹಾಕಿ ಹಗುರಾದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯವು ವ್ಯಸನಮುಕ್ತ ದಿನವೆಂದು ಆಚರಿಸುವದು. ದಾವಣಗೆರೆಯ ಮಠವು ಜನರನ್ನು ತನ್ನ ಅಂಗಳಕ್ಕೆ ಕರೆದಿದ್ದಿತು; ಇಳಕಲ್ಲಿನ ಮಠವು ತಾನೇ ಜನರ ಬಾಗಿಲಿಗೆ ಹೋಯಿತು.

ಆದರೆ ಒಂದು ವಿಷಯದಲ್ಲಿ ಭಕ್ತರು ಮೋಸಹೋಗಬಾರದು. ಸಂಕಲ್ಪವೊಂದೇ ಎಲ್ಲರಿಗೂ ಸಾಲದು. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಕೈಕಾಲು ನಡುಗಿ, ಫಿಟ್ಸು ಬಂದು, ಬುದ್ಧಿಭ್ರಮೆಯುಂಟಾಗಿ ಪ್ರಾಣಕ್ಕೂ ಅಪಾಯವಾಗಬಹುದು. ಇದನ್ನು ಭೂತಚೇಷ್ಟೆಯೆಂದೋ, ವ್ರತಭಂಗದ ಫಲವೆಂದೋ ತಿಳಿದು ಮರಳಿ ಹೆಂಡವನ್ನು ಕುಡಿಸುವದು ಹಳ್ಳಿಗಳಲ್ಲಿ ಕಂಡುಬರುವ ತಪ್ಪು. ಅಂತಹವನನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಔಷಧದಿಂದ ದೇಹವು ಹದಕ್ಕೆ ಬಂದ ಮೇಲೆ ಸತ್ಸಂಗವು ಅವನ ಮನಸ್ಸನ್ನು ಕಾಯುವದು. ಕಾಲುಜಾರಿ ಮತ್ತೆ ಕುಡಿದವನನ್ನು ಪಂಕ್ತಿಯಿಂದ ಹೊರಗೆ ಹಾಕುವದೂ ಧರ್ಮವಲ್ಲ. ಹೊರಗೆ ಹಾಕಿದವನಿಗೆ ಉಳಿಯುವ ಬಾಗಿಲು ಹೆಂಡದಂಗಡಿಯದೊಂದೇ.

ಮಂಜಪ್ಪನವರ ಜೀವಿತವು ಈ ಬಗೆಯ ಬಾಗಿಲುಗಳನ್ನು ತೆರೆದಿಡುವದರಲ್ಲಿ ಸವೆದಿತು. ಏಳು ರೂಪಾಯಿಯ ಶಿಕ್ಷಕನು ಊರೂರಿನ ಶಿಕ್ಷಕನಾದುದು ಹೀಗೆ. ಭಜನೆಯ ಅಂಗಳ, ಜಯಂತಿಯ ಮಂಟಪ, ನೂಲಿನ ಮನೆ, ಅಗ್ಗದ ಪುಸ್ತಕ, ಇವೆಲ್ಲವೂ ದುಡಿದು ದಣಿದ ಮನುಷ್ಯನಿಗೆ ಮರ್ಯಾದೆಯಿಂದ ಕುಳಿತುಕೊಳ್ಳಲು ಅವರು ಮಾಡಿಕೊಟ್ಟ ಠಾವುಗಳು. ವರುಷಕ್ಕೊಮ್ಮೆ ಬಸವ ಜಯಂತಿಯ ಮೆರವಣಿಗೆಯನ್ನು ಹೊರಡಿಸಿ ಉಳಿದ ಸಂಜೆಗಳಲ್ಲಿ ಮಠದ ಬಾಗಿಲನ್ನು ಮುಚ್ಚಿದರೆ ಅವರ ಋಣವು ತೀರುವದಿಲ್ಲ. ಪ್ರತಿಯೊಂದು ಊರಿನಲ್ಲಿಯೂ ದೀಪ ಹಚ್ಚುವ ಹೊತ್ತಿಗೆ ಒಂದು ಅಂಗಳವು ತೆರೆದಿರಲಿ; ಅಲ್ಲಿ ಬಂದವನ ಬಾಯಿಯ ವಾಸನೆಯನ್ನು ನೋಡದೆ ಬಾರಯ್ಯಾ ಎಂದು ಕರೆಯುವವರೊಬ್ಬರು ಇರಲಿ. ಶಿವಾರ್ಪಣಮಸ್ತು.