ಡಬ್ಬಿ ಹಾಲಿಗೆ ಎದುರು ನಿಂತ ಡಾಕ್ಟರಮ್ಮ

ಕೂಸು ಅತ್ತರೆ ಸಾಕು, ಒಂದು ಚಮಚ ಸಕ್ಕರೆ ನೀರು ಕುಡಿಸಿ ಅನ್ನೋರು ಒಬ್ಬರು, ಗ್ಲೂಕೋಸ್ ಕಲಸಿ ಕೊಡಿ ಅನ್ನೋರು ಇನ್ನೊಬ್ಬರು. ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತೆ, ಅಲ್ವಾ? ಹಾಗಿದ್ದರೆ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯ ಬದುಕನ್ನು ನೀವು ತಿಳಿಯಲೇಬೇಕು.

ಸಿಸಿಲಿ ಹುಟ್ಟಿದ್ದು 1893ರಲ್ಲಿ, ಕಬ್ಬಿಗೆ ಹೆಸರಾದ ಜಮೈಕಾ ದ್ವೀಪದಲ್ಲಿ. ಹೆಣ್ಣುಮಕ್ಕಳು ಡಾಕ್ಟರಾಗುವುದೇ ಅಪರೂಪವಾಗಿದ್ದ ಕಾಲವದು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಓದಿ, 1923ರಲ್ಲಿ ಡಾಕ್ಟರಾದರು. 1929ರಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟ್, ಅಂದರೆ ಈಗಿನ ಘಾನಾದಲ್ಲಿ ಸರ್ಕಾರಿ ವೈದ್ಯೆಯಾದರು.

ಅಲ್ಲಿ ಪುಟ್ಟ ಮಕ್ಕಳು ಕೈಕಾಲು ಊದಿಕೊಂಡು, ಚರ್ಮ ಸುಲಿದು ಸಾಯುತ್ತಿದ್ದವು. ಸಿಸಿಲಿ ಏನು ಮಾಡಿದರು ಗೊತ್ತೇ? ತಾಯಂದಿರ ಮಾತಿಗೇ ಕಿವಿಗೊಟ್ಟರು! ಅವರು ಆ ಕಾಯಿಲೆಯನ್ನು ತಮ್ಮ ಗಾ ಭಾಷೆಯಲ್ಲಿ ಕ್ವಾಷಿಯೋರ್ಕರ್ ಅನ್ನುತ್ತಿದ್ದರು. ಮತ್ತೊಂದು ಕೂಸು ಹುಟ್ಟಿದಾಗ ಮೊದಲ ಮಗುವಿಗೆ ಬರುವ ಕಾಯಿಲೆ ಅಂತ ಅದರರ್ಥ. ಎದೆಹಾಲು ಬಿಡಿಸಿ, ಬರೀ ಮೆಕ್ಕೆಜೋಳದ ಗಂಜಿ ಕೊಟ್ಟಿದ್ದರಿಂದ ಮಗುವಿಗೆ ಪ್ರೋಟೀನ್ ಸಾಲದೇ ಹೀಗಾಗುತ್ತದೆ ಎಂದು ಸಿಸಿಲಿ 1933ರಲ್ಲಿ ಬರೆದರು. 1935ರಲ್ಲಿ ತಾಯಂದಿರ ಆ ಪದವನ್ನೇ ವೈದ್ಯಲೋಕಕ್ಕೆ ಪರಿಚಯಿಸಿದರು.

1936ರಲ್ಲಿ ಅವರಿಗೆ ಮಲಯಾ ಕಡೆಗೆ ವರ್ಗವಾಯಿತು. ಅಲ್ಲಿ ಇನ್ನೊಂದು ಕಷ್ಟ ಕಾದಿತ್ತು. ಸಕ್ಕರೆ ಬೆರೆಸಿದ ಕಂಡೆನ್ಸ್ಡ್ ಮಿಲ್ಕ್ ಡಬ್ಬಿ ಎದೆಹಾಲಿಗೆ ಸಮ ಅಂತ ಪ್ರಚಾರ ನಡೆದಿತ್ತು. ಅದನ್ನು ಮಾರಲು ನರ್ಸ್‌ಗಳಂತೆ ಬಟ್ಟೆ ತೊಟ್ಟ ಹುಡುಗಿಯರು ತಾಯಂದಿರ ಬಳಿ ಬರುತ್ತಿದ್ದರು. ಬಿಳಿ ಬಟ್ಟೆ ಕಂಡರೆ ಯಾರು ತಾನೇ ನಂಬುವುದಿಲ್ಲ? ಆದರೆ ನೀರು ಬೆರೆಸಿ ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುತ್ತಿದ್ದುದು ಹೆಚ್ಚಾಗಿ ಸಕ್ಕರೆಯೇ. ಮಕ್ಕಳು ಭೇದಿ, ಅಪೌಷ್ಟಿಕತೆಯಿಂದ ನರಳಿದವು.

1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಸಿಸಿಲಿ ಮಾತಾಡಿದರು. ಭಾಷಣದ ಹೆಸರೇ ಹಾಲು ಮತ್ತು ಕೊಲೆ! ಇಂಥ ಸುಳ್ಳು ಪ್ರಚಾರದಿಂದಾಗುವ ಸಾವನ್ನು ಕೊಲೆ ಅಂತಲೇ ಎಣಿಸಬೇಕು ಎಂದು ಗಣ್ಯರ ಎದುರೇ ಹೇಳಿದರು. ಅವರ ಸಿಟ್ಟು ತಾಯಂದಿರ ಮೇಲಲ್ಲ, ಅವರನ್ನು ದಾರಿ ತಪ್ಪಿಸಿದವರ ಮೇಲೆ.

ಯುದ್ಧ ಬಂತು. 1942ರಲ್ಲಿ ಸಿಂಗಪುರ ಜಪಾನೀಯರ ವಶವಾದಾಗ ಸಿಸಿಲಿ ಚಾಂಗಿ ಸೆರೆಮನೆ ಸೇರಿದರು. ಹಸಿವು, ಕಾಯಿಲೆ, ಹಿಂಸೆ ಎಲ್ಲ ಕಂಡರು. ಅಲ್ಲಿ ಹುಟ್ಟಿದ 20 ಕೂಸುಗಳೂ ತಾಯಿಯ ಹಾಲನ್ನೇ ಕುಡಿದವು, 20ಕ್ಕೆ 20 ಬದುಕಿದವು ಎಂದು ಮುಂದೆ ಅವರೇ ನೆನೆಯುತ್ತಿದ್ದರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ-ಮಗು ವಿಭಾಗಕ್ಕೆ ಮೊದಲ ಮುಖ್ಯಸ್ಥೆಯಾದರು. 1992ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ನಮ್ಮ ದೇಶದಲ್ಲಿ ಹಾಲುಪುಡಿಯ ಜಾಹೀರಾತಿಗೆ ಕಡಿವಾಣ ಹಾಕುವ ಕಾಯ್ದೆ ಬಂತು.

ಈಗ ಆ ಡಬ್ಬಿ ಹಾಲನ್ನು ಯಾರೂ ಕೂಸಿಗೆ ಕೊಡಲ್ಲ ಅಂತೀರಾ? ಸಕ್ಕರೆ ಬೇರೆ ವೇಷದಲ್ಲಿ ಬರುತ್ತೆ ಅಷ್ಟೆ. ಪ್ಯಾಕೆಟ್ ಜ್ಯೂಸ್, ಹೆಲ್ತ್ ಡ್ರಿಂಕ್, ಫ್ಲೇವರ್ಡ್ ಹಾಲು... ಸಿಸಿಲಿ ಓದಿದ ಬ್ರಿಟನ್ನಿನಲ್ಲೇ 1953ರವರೆಗೆ ಸಕ್ಕರೆಗೆ ರೇಷನ್ ಇತ್ತು. ಗರ್ಭದಲ್ಲೂ ಮೊದಲ ಎರಡು ವರ್ಷವೂ ಸಕ್ಕರೆ ಕಮ್ಮಿ ಕಂಡ ಆ ಮಕ್ಕಳಿಗೆ ದೊಡ್ಡವರಾದ ಮೇಲೆ ಡಯಾಬಿಟೀಸ್ ಅಪಾಯ ಸುಮಾರು 35%, ಬಿಪಿ ಅಪಾಯ ಸುಮಾರು 20% ಕಡಿಮೆ ಎಂದು 2024ರ ಅಧ್ಯಯನ ತೋರಿಸಿತು. ಹೃದ್ರೋಗವೂ ಸುಮಾರು 20% ಕಡಿಮೆ ಎಂದು 2025ರ ಇನ್ನೊಂದು ಅಧ್ಯಯನ ಹೇಳಿತು.

ನೀವು ಮಾಡಬೇಕಾದ್ದು ಇಷ್ಟೇ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಹಾಲು ಸಾಲದಿದ್ದರೆ ಕೊರಗಬೇಡಿ, ಮಕ್ಕಳ ಡಾಕ್ಟರನ್ನು ಕೇಳಿ. ಆಮೇಲೆ ರಾಗಿ ಸರಿ, ಬೇಳೆಕಟ್ಟು, ಕಿವುಚಿದ ಬಾಳೆಹಣ್ಣು ಕೊಡಿ. ಎರಡು ವರ್ಷ ತುಂಬುವ ತನಕ ಸಕ್ಕರೆ, ಬೆಲ್ಲ ಬೆರೆಸಬೇಡಿ. ಬಾಯಾರಿದರೆ ಕುದಿಸಿ ಆರಿಸಿದ ನೀರು ಸಾಕು. ಅಂಗಡಿಯಲ್ಲಿ ಪ್ಯಾಕೆಟ್‌ ಮೇಲಿನ ನಗುವ ಮಗುವನ್ನು ನೋಡಿ ಮರುಳಾಗದೆ, ಹಿಂದೆ ತಿರುಗಿಸಿ ಸಕ್ಕರೆ ಎಷ್ಟಿದೆ ಅಂತ ಓದಿ. ಸಪ್ಪೆಯಾಯಿತಲ್ಲ ಅಂತ ಮರುಗಬೇಡಿ, ಸಿಹಿಯ ರುಚಿ ಹತ್ತದ ಮಗುವಿಗೆ ಸಪ್ಪೆಯೇ ರುಚಿ!