ಪಿಂಗಾಣಿಯ ಶಿಲ್ಪಿ ಕೆಂಡ್ಲರ್

ಪಿಂಗಾಣಿ ಅಂದ ತಕ್ಷಣ ನಮಗೆ ನೆನಪಾಗುವುದು ಕಪ್ಪು-ಸಾಸರು, ಉಪ್ಪಿನಕಾಯಿ ಜಾಡಿ. ಆದರೆ ಅದೇ ಪಿಂಗಾಣಿಯಲ್ಲಿ ಹದ್ದು, ಮೇಕೆ, ಮಂಗ, ರಾಜ, ರಾಣಿ ಎಲ್ಲವನ್ನೂ ಮಾಡಿದ ಒಬ್ಬ ದೊಡ್ಡ ಶಿಲ್ಪಿ ಜರ್ಮನಿಯಲ್ಲಿ ಇದ್ದರು. ಅವರೇ ಯೋಹಾನ್ ಯೋಆಕಿಮ್ ಕೆಂಡ್ಲರ್. ಈ ಸಲದ ಗೋಡೆ ಪತ್ರಿಕೆಗೆ ನಾನು ಅವರ ಜೀವನ ಚರಿತ್ರೆ ಬರೆದಿದ್ದೇನೆ.

ಕೆಂಡ್ಲರ್ ಅವರು 1706ರಲ್ಲಿ ಸ್ಯಾಕ್ಸನಿ ರಾಜ್ಯದ ಡ್ರೆಸ್ಡನ್ ನಗರದ ಹತ್ತಿರ ಫಿಷ್‌ಬಾಖ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚರ್ಚಿನ ಪಾದ್ರಿ. 1723ರಲ್ಲಿ ಡ್ರೆಸ್ಡನ್ನಿನ ಥೋಮೆ ಎಂಬ ಶಿಲ್ಪಿಯ ಹತ್ತಿರ ಕೆಲಸ ಕಲಿಯಲು ಸೇರಿದರು. ಆಗ ಯೂರೋಪಿನಲ್ಲಿ ಬರೋಕ್ ಶೈಲಿಯ ಕಾಲ. ಬರೋಕ್ ವಿಗ್ರಹಗಳು ಸುಮ್ಮನೆ ನೆಟ್ಟಗೆ ನಿಂತಿರುವುದಿಲ್ಲ. ಮೈ ತಿರುಗಿಸಿರುತ್ತವೆ, ಬಟ್ಟೆ ಗಾಳಿಗೆ ಹಾರುತ್ತಿರುತ್ತದೆ, ಈಗಲೇ ಎದ್ದು ನಡೆಯುತ್ತವೇನೋ ಅನ್ನುವ ಹಾಗೆ ಇರುತ್ತವೆ. ಇದನ್ನೇ ಕೆಂಡ್ಲರ್ ಕಲ್ಲು, ಮರದಲ್ಲಿ ಕಲಿತರು.

ಆ ರಾಜ್ಯದ ರಾಜ ಆಗಸ್ಟಸ್‌ಗೆ ಪಿಂಗಾಣಿಯ ಹುಚ್ಚು. ಎಷ್ಟು ಹುಚ್ಚು ಗೊತ್ತಾ? 1717ರಲ್ಲಿ ಪ್ರಷ್ಯದ ರಾಜನಿಗೆ 600 ಸೈನಿಕರನ್ನು ಕೊಟ್ಟು 151 ಚೀನಾ ಪಿಂಗಾಣಿಗಳನ್ನು ತಗೊಂಡ! ಮೊದಲು ಗಟ್ಟಿ ಬಿಳಿ ಪಿಂಗಾಣಿಯ ಗುಟ್ಟು ಚೀನಾ, ಜಪಾನ್ ಕಡೆಯವರಿಗೆ ಮಾತ್ರ ತಿಳಿದಿತ್ತು. ಆಗಸ್ಟಸ್‌ನ ಕಡೆಯ ಬ್ಯೋಟ್ಗರ್ ಎಂಬಾತ ಅದನ್ನು ಕಂಡುಹಿಡಿದ ಮೇಲೆ 1710ರಲ್ಲಿ ಮೈಸೆನ್ ಊರಿನ ಕೋಟೆಯಲ್ಲಿ ಕಾರ್ಖಾನೆ ಶುರುವಾಯಿತು.

ರಾಜನಿಗೆ ಇನ್ನೊಂದು ಆಸೆ ಬಂತು. ಜೀವ ಇರುವ ಪ್ರಾಣಿ, ಪಕ್ಷಿಗಳಷ್ಟೇ ದೊಡ್ಡ ಪಿಂಗಾಣಿ ಗೊಂಬೆಗಳಿಂದ ಅರಮನೆ ತುಂಬಬೇಕು ಅಂತ. ಅದಕ್ಕಾಗಿ 1731ರಲ್ಲಿ ಕೆಂಡ್ಲರ್ ಅವರನ್ನು ಮೈಸೆನ್‌ಗೆ ಕಳಿಸಿದ. ರಾಜನು ಸಾಕಿದ್ದ ಪ್ರಾಣಿಗಳನ್ನು ಕೆಂಡ್ಲರ್ ನೋಡಿ ನೋಡಿ ಚಿತ್ರ ಬರೆದುಕೊಂಡರು. ಮರಿಗೆ ಹಾಲು ಕುಡಿಸುವ ಮೇಕೆ, ಹದ್ದು, ನವಿಲು ಮಾಡಿದರು.

ಆದರೆ ಮಣ್ಣು ಮಾತು ಕೇಳಲಿಲ್ಲ. ಕಲ್ಲನ್ನು ಕೆತ್ತಿದರೆ ಮುಗಿಯಿತು, ಪಿಂಗಾಣಿಯನ್ನು ಸುಡಬೇಕಲ್ಲ! ಮೊದಲು ಮಾದರಿ ಮಾಡಿ, ಅಚ್ಚು ತೆಗೆದು, ಅಚ್ಚಿನಲ್ಲಿ ಮಣ್ಣು ಒತ್ತಿ, ತುಂಡುಗಳನ್ನು ಜೋಡಿಸಿ, ಒಣಗಿಸಿ ಸುಡುತ್ತಾರೆ. ಹೊಳಪು ಹಚ್ಚಿದ ಮೇಲೆ ಸುಮಾರು 1,400 ಡಿಗ್ರಿ ಬಿಸಿ ಬೇಕು. ಆಗ ಸುಮಾರು ಆರನೇ ಒಂದು ಭಾಗ ಕುಗ್ಗುತ್ತದೆ. ನಮ್ಮ ಮನೆಯಲ್ಲಿ ಮಡಿಕೆ ಮಾಡುವುದರಿಂದ ನನಗೆ ಇದು ಬೇಗ ಅರ್ಥ ಆಯ್ತು. ದಪ್ಪ ಇದ್ದಷ್ಟೂ ಒಳಗೆ ಸರಿಯಾಗಿ ಒಣಗಲ್ಲ, ಬೆಂಕಿಗೆ ಇಟ್ಟರೆ ಸೀಳುತ್ತದೆ. ಆ ದೊಡ್ಡ ಪ್ರಾಣಿಗಳ ಮೈಮೇಲೆ ಬಿರುಕುಗಳು ಈಗಲೂ ಕಾಣುತ್ತವೆ. ಇನ್ನೊಮ್ಮೆ ಸುಟ್ಟರೆ ಒಡೆದೇ ಹೋಗುತ್ತವೆ ಎಂಬ ಹೆದರಿಕೆಯಿಂದ ಅವಕ್ಕೆ ಬಣ್ಣ ಹಾಕಿ ಸುಡಲಿಲ್ಲ.

1733ರಲ್ಲಿ ರಾಜ ತೀರಿಕೊಂಡ. ಅದೇ ವರ್ಷ ಕೆಂಡ್ಲರ್ ಕಾರ್ಖಾನೆಯ ಮುಖ್ಯ ಶಿಲ್ಪಿಯಾದರು. ಆಮೇಲೆ ಅವರು ಅಂಗೈ ಮೇಲೆ ನಿಲ್ಲುವಂಥ ಗೊಂಬೆಗಳನ್ನು ಮಾಡತೊಡಗಿದರು. ಕಲ್ಲಿನ ವಿಗ್ರಹದಲ್ಲಿದ್ದ ಆ ತಿರುವು, ಆ ಓಟ ಎಲ್ಲಾ ಸಣ್ಣ ಗೊಂಬೆಯೊಳಗೆ ಬಂತು. ಶ್ರೀಮಂತರು ಊಟದ ಮೇಜಿನ ಮೇಲೆ ಮೊದಲು ಸಕ್ಕರೆ ಗೊಂಬೆ ಇಡುತ್ತಿದ್ದರು. ಆ ಜಾಗಕ್ಕೆ ಈಗ ಪಿಂಗಾಣಿ ಗೊಂಬೆ ಬಂದವು. 1737ರಿಂದ 1742ರವರೆಗೆ ಬ್ರ್ಯೂಲ್ ಎಂಬ ಮಂತ್ರಿಗಾಗಿ ಹಂಸದ ಚಿತ್ತಾರದ 2,200ಕ್ಕೂ ಹೆಚ್ಚು ಪಾತ್ರೆಗಳು ತಯಾರಾದವು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅವರ ಮಂಗಗಳ ವಾದ್ಯಗೋಷ್ಠಿ. ಮಂಗಗಳು ಕೋಟು ಹಾಕಿಕೊಂಡು ಪಿಟೀಲು, ಕೊಳಲು ಬಾರಿಸುತ್ತವೆ!

ಆದರೂ ದೊಡ್ಡದು ಮಾಡುವ ಆಸೆ ಅವರಿಗೆ ಹೋಗಲಿಲ್ಲ. ಆಗಸ್ಟಸ್‌ನ ಮಗ ಕುದುರೆ ಮೇಲೆ ಕೂತ ಭಾರಿ ಪ್ರತಿಮೆಯನ್ನು ಪಿಂಗಾಣಿಯಲ್ಲೇ ಮಾಡಲು ವರ್ಷಗಟ್ಟಲೆ ದುಡಿದರು. 1756ರಲ್ಲಿ ಏಳು ವರ್ಷಗಳ ಯುದ್ಧ ಶುರುವಾಗಿ ಪ್ರಷ್ಯದ ಸೈನ್ಯ ಮೈಸೆನ್‌ಗೆ ಬಂತು. ಕೆಂಡ್ಲರ್ ಊರು ಬಿಟ್ಟು ಹೋಗಲಿಲ್ಲ. ಆದರೆ ಪ್ರತಿಮೆ ಮುಗಿಯಲೇ ಇಲ್ಲ. ಅದರ ಸಣ್ಣ ಮಾದರಿ ಡ್ರೆಸ್ಡನ್ನಿನಲ್ಲಿ ಉಳಿದಿದೆ.

44 ವರ್ಷ ಅದೇ ಕಾರ್ಖಾನೆಯಲ್ಲಿ ದುಡಿದು 1775ರಲ್ಲಿ ಅವರು ಮೈಸೆನ್‌ನಲ್ಲೇ ನಿಧನರಾದರು. ಆ ಕಾರ್ಖಾನೆ ಇಂದಿಗೂ ನಡೆಯುತ್ತಿದೆ, ಅವರ ಗೊಂಬೆಗಳನ್ನು ಇಂದಿಗೂ ಮಾಡುತ್ತಾರೆ.

ಗೆಳೆಯರೇ, ರಾಜ ಕೇಳಿದ ದೊಡ್ಡ ಪ್ರಾಣಿಗಳು ಸೀಳಿದವು, ಭಾರಿ ಕುದುರೆ ಆಗಲೇ ಇಲ್ಲ. ಆದರೆ ಊಟದ ಮೇಜಿಗೆ ಮಾಡಿದ ಸಣ್ಣ ಗೊಂಬೆಗಳಿಂದಲೇ ಅವರ ಹೆಸರು ಉಳಿಯಿತು. ಮಣ್ಣಿಗೆ ಏನು ಸಾಧ್ಯ ಎಂದು ತಿಳಿದುಕೊಂಡು ಕೆಲಸ ಮಾಡಿದವರೇ ದೊಡ್ಡ ಕಲಾವಿದರು ಎಂದು ನನಗೆ ಅನ್ನಿಸುತ್ತದೆ.