ಫ್ರಾಂಕನ್‌ಸ್ಟೈನ್ ಬರೆದ ಹುಡುಗಿ

ಸಂಚಿಕೆ ಸಮಿತಿಯವರು ನನ್ನಿಂದ ಕೇಳಿದ್ದು ವಿಜ್ಞಾನದ ಲೇಖನ. ಸಾಫ್ಟ್‌ವೇರ್ ಕೆಲಸದವನು ಕಂಪ್ಯೂಟರ್ ಬಗ್ಗೆ ಬರೆಯಲಿ ಎಂಬುದು ಅವರ ಆಸೆ. ಅದರ ಬಗ್ಗೆ ಈಗಿನ ಮಕ್ಕಳೇ ನನಗೆ ಪಾಠ ಹೇಳುತ್ತಾರೆ. ಹಾಗಾಗಿ ನಾನು ಬಹಳ ಇಷ್ಟಪಡುವ ವಿಜ್ಞಾನದ ಕಥೆಗಳ ಕಡೆಗೆ ಹೋಗುತ್ತೇನೆ. ಅಂಥ ಕಥೆಗೆ ಮೊದಲ ದಾರಿ ಹಾಕಿದವಳು ಮೇರಿ ಶೆಲ್ಲಿ ಎಂದು ಅನೇಕ ವಿಮರ್ಶಕರು ಹೇಳುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ.

ಫ್ರಾಂಕನ್‌ಸ್ಟೈನ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಚಪ್ಪಟೆ ತಲೆಯ, ಕತ್ತಿನಲ್ಲಿ ಬೋಲ್ಟ್ ಇರುವ ರಾಕ್ಷಸ. ಅಸಲಿಗೆ ಅದು ಅವನನ್ನು ತಯಾರಿಸಿದ ವಿದ್ಯಾರ್ಥಿಯ ಹೆಸರು. ರಾಕ್ಷಸನಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ.

ಮೇರಿ ಹುಟ್ಟಿದ್ದು 1797ರ ಆಗಸ್ಟ್ 30ರಂದು, ಲಂಡನ್ನಿನಲ್ಲಿ. ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಹೆಣ್ಣುಮಕ್ಕಳ ಹಕ್ಕು ಮತ್ತು ವಿದ್ಯೆಗಾಗಿ ದೊಡ್ಡ ಗ್ರಂಥ ಬರೆದವರು. ಮಗಳು ಹುಟ್ಟಿದ ಹನ್ನೊಂದನೇ ದಿನಕ್ಕೆ ಬಾಣಂತಿ ಜ್ವರದಿಂದ ತೀರಿಕೊಂಡರು. ಹೆಣ್ಣಿನ ಶಿಕ್ಷಣಕ್ಕಾಗಿ ವಾದಿಸಿದವರ ಮಗಳು ಶಾಲೆಗೆ ಹೋದದ್ದು ಕೆಲವೇ ತಿಂಗಳು. ಕಲಿತದ್ದೆಲ್ಲ ತಂದೆ ವಿಲಿಯಂ ಗಾಡ್ವಿನ್ ಅವರ ಪುಸ್ತಕಗಳಿಂದ, ಮತ್ತು ಮನೆಗೆ ಬರುತ್ತಿದ್ದ ಪಂಡಿತರ ಮಾತು ಕೇಳಿಸಿಕೊಂಡು.

ಹದಿನಾರನೇ ವಯಸ್ಸಿಗೆ, ಆಗಲೇ ಮದುವೆಯಾಗಿದ್ದ ಕವಿ ಪರ್ಸಿ ಶೆಲ್ಲಿಯ ಜೊತೆ ಮನೆಬಿಟ್ಟು ಹೋದಳು. ತಂದೆ ಮಾತು ಬಿಟ್ಟರು. 1815ರಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು ಎರಡು ವಾರವೂ ಬದುಕಲಿಲ್ಲ. ಸತ್ತ ಮಗುವನ್ನು ಬೆಂಕಿಯ ಮುಂದೆ ಹಿಡಿದು ಉಜ್ಜಿದಾಗ ಅದು ಮತ್ತೆ ಜೀವ ತಳೆದಂತೆ ಕನಸು ಬಿತ್ತು ಎಂದು ಆಕೆ ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ. ಮುಂದಿನ ವರ್ಷ ಬರೆಯತೊಡಗಿದ ಕಾದಂಬರಿಯ ಬೀಜ ಇದೇ ಎಂದು ನಾನು ನಂಬಿದ್ದೇನೆ.

ಆ ವರ್ಷ, ಅಂದರೆ 1816ರಲ್ಲಿ, ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಹಿಂದಿನ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದು ಎಸೆದ ಕಣಗಳು ಆಕಾಶದ ಎತ್ತರದಲ್ಲಿ ಹರಡಿ ಬಿಸಿಲನ್ನು ತಡೆದಿದ್ದವು. ಜಿನೀವಾ ಸರೋವರದ ಬಳಿ ಮಳೆಯಿಂದ ಮನೆಯೊಳಗೇ ಸಿಕ್ಕಿಬಿದ್ದಿದ್ದ ಗೆಳೆಯರಿಗೆ ಕವಿ ಬೈರನ್, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ. ರಾತ್ರಿಯೆಲ್ಲ ಗಂಡಸರ ಚರ್ಚೆ: ಜೀವ ಎಂದರೇನು, ವಿದ್ಯುತ್ತಿನಿಂದ ಸತ್ತ ದೇಹವನ್ನು ಎಬ್ಬಿಸಬಹುದೇ? ಇದು ಬರೀ ಹರಟೆಯಲ್ಲ. 1803ರಲ್ಲೇ ಆಲ್ಡಿನಿ ಎಂಬ ವಿಜ್ಞಾನಿ ಲಂಡನ್ನಿನಲ್ಲಿ ಗಲ್ಲಿಗೇರಿದವನ ಶವಕ್ಕೆ ವಿದ್ಯುತ್ ಹಾಯಿಸಿ ಮುಖ, ಕೈಕಾಲು ಅದುರುವಂತೆ ಮಾಡಿ ತೋರಿಸಿದ್ದ. ಹದಿನೆಂಟರ ಮೇರಿ ಹೆಚ್ಚು ಮಾತಾಡದೆ ಕೂತು ಕೇಳಿದಳು. ಇಬ್ಬರು ಮಹಾಕವಿಗಳಿದ್ದ ಆ ಮನೆಯಲ್ಲಿ ಅಮರವಾದ ಕಥೆ ಬರೆದವಳು ಆ ಮೌನಿಯೇ.

ಕಾದಂಬರಿಯಲ್ಲಿ ಜೀವಿ ಕಣ್ಣು ಬಿಟ್ಟ ಕೂಡಲೇ ಅದನ್ನು ಮಾಡಿದವನು ಹೆದರಿ ಕೋಣೆ ಬಿಟ್ಟು ಓಡುತ್ತಾನೆ. ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನನಗೆ ಕಥೆಯ ಅತ್ಯಂತ ಭಯಂಕರ ಜಾಗ ಅದು, ಮುಂದಿನ ಕೊಲೆಗಳಲ್ಲ. ಬೀದಿಪಾಲಾದ ಆ ಜೀವಿ ಒಂದು ಬಡ ಕುಟುಂಬದ ಮನೆಗೆ ಅಂಟಿದ ಗುಡಿಸಲಿನಲ್ಲಿ ಅಡಗಿ, ಗೋಡೆಯ ಸಂದಿಯಿಂದ ಅವರನ್ನು ನೋಡುತ್ತಾ ಮಾತು ಕಲಿಯುತ್ತದೆ. ಆ ಮನೆಗೆ ಬಂದ ಪರದೇಶದ ಹುಡುಗಿಗೆ ಹೇಳಿಕೊಡುವ ಪಾಠವನ್ನೇ ಕದ್ದು ಕೇಳಿ ಓದು ಕಲಿಯುತ್ತದೆ. ಮಿಲ್ಟನ್ನನ ಮಹಾಕಾವ್ಯ ಓದುತ್ತದೆ. ಕೊನೆಗೆ ಧೈರ್ಯ ಮಾಡಿ ಕುರುಡ ಅಜ್ಜನ ಮುಂದೆ ಕೂತು ಮಾತಾಡಿದರೆ ಅಜ್ಜ ಮರುಗುತ್ತಾನೆ. ಕಣ್ಣಿರುವ ಮಗ ಒಳಗೆ ಬಂದವನೇ ಕೋಲಿನಿಂದ ಬಡಿಯುತ್ತಾನೆ.

ಈ ಭಾಗ ನನ್ನನ್ನು ಹಿಡಿದಷ್ಟು ಬೇರೆ ಯಾವ ಕಾದಂಬರಿಯೂ ಹಿಡಿದಿಲ್ಲ. ಕನ್ನಡ ಮಾಧ್ಯಮದಿಂದ ಬಿ.ಇ.ಗೆ ಹೋದ ನಾನು ಇಂಗ್ಲಿಷ್ ಕಲಿತದ್ದು ಹಾಸ್ಟೆಲ್ ಜಗಲಿಯಲ್ಲಿ ಬೇರೆಯವರ ಮಾತು ಕೇಳಿಸಿಕೊಂಡು. ಬಾಯಿ ಬಿಡಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಇವನ ತಲೆಯಲ್ಲಿ ಏನೂ ಇಲ್ಲ ಎಂದು ತೀರ್ಮಾನಿಸಿದವರಿದ್ದರು. ನಮ್ಮ ಶಾಲೆಯ ಅನೇಕರಿಗೆ ಇದು ಹೊಸದಲ್ಲ.

ಪುಸ್ತಕ 1818ರ ಜನವರಿ 1ರಂದು ಬಂತು. ಅಚ್ಚಾದದ್ದು 500 ಪ್ರತಿ, ಲೇಖಕಿಯ ಹೆಸರಿಲ್ಲದೆ. ಮುನ್ನುಡಿ ಪರ್ಸಿಯದು, ಹಾಗಾಗಿ ಪುಸ್ತಕವೂ ಅವನದೇ ಎಂದುಕೊಂಡವರು ಬಹಳ. ಆಮೇಲೆ ದುಃಖದ ಸಾಲು: 1818ರಲ್ಲಿ ಮಗಳು, 1819ರಲ್ಲಿ ಮೂರು ವರ್ಷದ ಮಗ, 1822ರಲ್ಲಿ ದೋಣಿ ಮುಳುಗಿ ಪರ್ಸಿ. ಇಪ್ಪತ್ತನಾಲ್ಕಕ್ಕೆ ವಿಧವೆ, ಕೈಯಲ್ಲಿ ಉಳಿದ ಒಬ್ಬನೇ ಮಗ. ಮಾವ ಅಲ್ಪಸ್ವಲ್ಪ ಹಣ ಕೊಟ್ಟರೂ ಪರ್ಸಿಯ ಜೀವನಚರಿತ್ರೆ ಬರೆಯಕೂಡದೆಂದು ಕಟ್ಟು ಹಾಕಿದರು. ಮೇರಿ 1839ರಲ್ಲಿ ಅವನ ಕವಿತೆಗಳ ಸಂಪುಟ ತಂದು, ಟಿಪ್ಪಣಿಗಳ ಹೆಸರಿನಲ್ಲಿ ಅವನ ಬದುಕನ್ನೇ ಬರೆದುಬಿಟ್ಟಳು! ಬರವಣಿಗೆಯಿಂದಲೇ ಮಗನನ್ನು ಓದಿಸಿದಳು. ಸಾಂಕ್ರಾಮಿಕ ರೋಗದಿಂದ ಮನುಷ್ಯಕುಲವೇ ಅಳಿಯುವ ಇನ್ನೊಂದು ಕಾದಂಬರಿಯನ್ನು 1826ರಲ್ಲೇ ಬರೆದಿದ್ದಳು. ಕೊರೊನಾ ಕಾಲದಲ್ಲಿ ಓದಿದೆ. ಕಲ್ಪನೆ ದೊಡ್ಡದು, ಆದರೆ ಬಹಳ ಎಳೆದಿದ್ದಾಳೆ. 1851ರ ಫೆಬ್ರುವರಿ 1ರಂದು 53ನೇ ವಯಸ್ಸಿನಲ್ಲಿ ತೀರಿಕೊಂಡಳು.

ಸಿನಿಮಾದ ಮೇಲೆ ನನ್ನ ಸಿಟ್ಟು ಈಗ ಅರ್ಥವಾದೀತು. 1823ರ ರಂಗನಾಟಕದಲ್ಲೇ ಆ ಜೀವಿಯನ್ನು ಮೂಗನನ್ನಾಗಿ ಮಾಡಿದ್ದರು. 1931ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ ಪ್ರಸಿದ್ಧ ಚಿತ್ರದಲ್ಲೂ ಮಾತಿಲ್ಲ, ಬರೀ ಗುರುಗುಟ್ಟುವಿಕೆ. ಸಾಲದ್ದಕ್ಕೆ ಸಹಾಯಕನೊಬ್ಬ ಒಳ್ಳೆಯ ಮಿದುಳಿನ ಜಾಡಿ ಬೀಳಿಸಿ ಅಪರಾಧಿಯ ಮಿದುಳು ತರುತ್ತಾನೆ. ಅಂದರೆ ತಪ್ಪು ಹುಟ್ಟಿನಲ್ಲೇ ಇತ್ತು, ಕೈಬಿಟ್ಟವನದಲ್ಲ ಎಂದಾಯಿತು. ಮೇರಿ ಬರೆದದ್ದಕ್ಕೆ ಇದು ನೇರ ವಿರುದ್ಧ. ಬೋರಿಸ್ ಕಾರ್ಲೋಫ್ ಮಾತಿಲ್ಲದೆಯೂ ಕಣ್ಣಿನಲ್ಲೇ ಅಳಿಸುತ್ತಾನೆ, ಅದನ್ನು ಒಪ್ಪುತ್ತೇನೆ. ಚಿತ್ರದ ಆರಂಭದಲ್ಲಿ ಮೂಲ ಕಾದಂಬರಿಯ ಲೇಖಕಿ ಎಂದು ತೋರಿಸುವುದು ಶ್ರೀಮತಿ ಪರ್ಸಿ ಬಿ. ಶೆಲ್ಲಿ ಎಂದು. ಆಕೆ ಸತ್ತು ಎಂಬತ್ತು ವರ್ಷವಾದ ಮೇಲೂ!

ಹತ್ತನೇ ತರಗತಿಯ ಮಕ್ಕಳಿಗೆ ಒಂದು ಮಾತು. ಇಡೀ ಪುಸ್ತಕ ಕಷ್ಟ ಎನಿಸಿದರೆ ಈಗ ಹೆಚ್ಚಾಗಿ ಸಿಗುವ 1831ರ ಆವೃತ್ತಿಯ 11ರಿಂದ 16ನೇ ಅಧ್ಯಾಯ ಮೊದಲು ಓದಿ. ಅಲ್ಲಿ ಆ ಜೀವಿಯೇ ತನ್ನ ಕಥೆ ಹೇಳುತ್ತದೆ.